ಅದಿರು ನಿಂತ ಮೇಲೆ ಲಾರಿಯ ದಾರಿ

ಸ್ವಂತ ಲಾರಿ ಇಟ್ಟುಕೊಂಡು ಬಾಡಿಗೆ ಓಡಿಸುವವರಿಗೆ ಎರಡು ಬಗೆಯ ಖರ್ಚು ಇರುತ್ತದೆ. ಡೀಸೆಲ್, ಟೋಲ್, ಡ್ರೈವರ್ ಬಾಟಾ, ಟೈರಿನ ಸವೆತ ಇವು ಚಕ್ರ ಉರುಳಿದರೆ ಮಾತ್ರ ಬರುವ ಖರ್ಚು. ಸಾಲದ ಕಂತು, ವಿಮೆ, ರಸ್ತೆ ತೆರಿಗೆ, ಪರ್ಮಿಟ್ ಶುಲ್ಕ ಇವು ಲಾರಿ ಮನೆಮುಂದೆ ನಿಂತಿದ್ದರೂ ತಪ್ಪದೆ ಬರುವಂಥವು. ಕಾಲ ಚೆನ್ನಾಗಿದ್ದಾಗ ಎರಡೂ ಒಂದೇ ಬಾಡಿಗೆಯಲ್ಲಿ ಸರಿದೂಗುತ್ತವೆ. ಆರ್ಥಿಕ ಹಿನ್ನಡೆ ಬಂದಾಗ ಮೊದಲನೆಯದು ಹೇಗೋ ಹುಟ್ಟುತ್ತದೆ, ಎರಡನೆಯದು ಹುಟ್ಟುವುದಿಲ್ಲ. ಆಗಲೇ ಮಾಲೀಕನಿಗೆ ಲೋಡು ಬದಲಿಸುವ ಯೋಚನೆ ಬರುತ್ತದೆ: ಅದಿರು ಬಿಟ್ಟು ಸಿಮೆಂಟು, ಜಲ್ಲಿ ಬಿಟ್ಟು ಧಾನ್ಯ, ತೆರೆದ ಬಾಡಿ ಬಿಟ್ಟು ಟ್ಯಾಂಕರ್.

ದೇಶದ ಲಾರಿಗಳಲ್ಲಿ ದೊಡ್ಡ ಪಾಲು ಬೆರಳೆಣಿಕೆಯ ಗಾಡಿ ಹೊಂದಿದ ಸಣ್ಣ ಮಾಲೀಕರದ್ದು. ಅವರಲ್ಲಿ ಎಷ್ಟೋ ಮಂದಿ ಒಂದು ಕಾಲದ ಕ್ಲೀನರ್‌ಗಳು, ನಂತರ ಡ್ರೈವರ್‌ಗಳು, ಕೊನೆಗೆ ಫೈನಾನ್ಸ್ ಹಿಡಿದು ಮಾಲೀಕರಾದವರು. ಅವರ ಬಳಿ ಮಾರುಕಟ್ಟೆ ವರದಿ ಇರುವುದಿಲ್ಲ, ಹಲವು ವಲಯಗಳಲ್ಲಿ ಹರಡಿದ ಗಾಡಿಗಳ ಸಾಲೂ ಇರುವುದಿಲ್ಲ. ಒಂದೇ ಗಾಡಿ, ಒಂದೇ ಬಗೆಯ ಲೋಡು, ಒಂದೇ ದಾರಿ. ಹಾಗಾಗಿ ದೊಡ್ಡ ಕಂಪನಿಗೆ ಒಂದು ವಿಭಾಗದ ನಷ್ಟವಾಗಿ ಮುಗಿಯುವ ಹಿನ್ನಡೆ ಇವರಿಗೆ ಮನೆಯ ಪ್ರಶ್ನೆಯಾಗುತ್ತದೆ.

ಸರಕು ಸಾಗಣೆಗೆ ತನ್ನದೇ ಆದ ಬೇಡಿಕೆ ಎಂಬುದಿಲ್ಲ. ಕಟ್ಟಡ ಎದ್ದರೆ ಕಬ್ಬಿಣ, ಸಿಮೆಂಟು ಓಡುತ್ತವೆ; ಕಾರು ಮಾರಾಟವಾದರೆ ಬಿಡಿಭಾಗ ಓಡುತ್ತದೆ. ಆದ್ದರಿಂದ ಹಿನ್ನಡೆ ಎಲ್ಲ ಲಾರಿಗಳನ್ನೂ ಒಟ್ಟಿಗೆ ತಟ್ಟುವುದಿಲ್ಲ. ಗಣಿ, ಉಕ್ಕು, ಕಟ್ಟಡ ಸಾಮಗ್ರಿ ಮೊದಲು ಕುಸಿಯುತ್ತವೆ. ವಾಹನ, ಫ್ರಿಜ್ಜು, ಟೀವಿಯಂಥ ಸಾಮಾನು ಆಮೇಲೆ. ಅಕ್ಕಿ, ಬೇಳೆ, ಹಾಲು, ಔಷಧ, ಅಡುಗೆ ಅನಿಲದ ಓಡಾಟ ಕೊನೆಯವರೆಗೂ ಹೆಚ್ಚುಕಡಿಮೆ ಉಳಿಯುತ್ತದೆ. ಲೋಡು ಬದಲಿಸುವುದಕ್ಕೆ ಇರುವ ಅವಕಾಶವೆಲ್ಲ ಈ ಅಂತರದಲ್ಲಿದೆ. ಆದರೆ ಉಳಿಯುವ ಲೋಡಿನ ಕಡೆಗೆ ಎಲ್ಲರೂ ಒಟ್ಟಿಗೆ ನುಗ್ಗುವುದರಿಂದ ಅಲ್ಲಿನ ದರವೂ ಬೀಳುತ್ತದೆ.

ದರ ಎಷ್ಟು ಬೀಳಬಹುದು ಎಂಬುದಕ್ಕೆ ಒಂದು ತಳ ಇದೆ. ಕಂತು ಹೇಗೂ ಬರುವುದರಿಂದ, ಡೀಸೆಲ್, ಟೋಲ್, ಬಾಟಾ ಕಳೆದು ಒಂದು ಸಾವಿರ ರೂಪಾಯಿ ಮಿಕ್ಕರೂ ಮಾಲೀಕ ಲೋಡು ಒಪ್ಪಿಕೊಳ್ಳುತ್ತಾನೆ. ನಿಲ್ಲಿಸಿದರೆ ಆ ಸಾವಿರವೂ ಇಲ್ಲ. ಪ್ರತಿಯೊಬ್ಬನಿಗೂ ಇದು ಸರಿಯಾದ ಲೆಕ್ಕವೇ. ಎಲ್ಲರೂ ಹೀಗೆ ಲೆಕ್ಕ ಹಾಕಿದಾಗ ಮಾತ್ರ ಬಾಡಿಗೆ ದರ ಓಡಾಟದ ಖರ್ಚಿನ ಮಟ್ಟಕ್ಕೆ ಇಳಿದು ಅಲ್ಲೇ ಕೂರುತ್ತದೆ, ಕಂತಿಗೆ ಏನೂ ಉಳಿಯುವುದಿಲ್ಲ. ಒಂದಷ್ಟು ಗಾಡಿಗಳು ಫೈನಾನ್ಸ್ ಕಂಪನಿಯ ಯಾರ್ಡ್ ಸೇರಿದ ಮೇಲೆಯೇ ದರ ಮತ್ತೆ ಮೇಲೇಳುವುದು. ಸಣ್ಣ ಮಾಲೀಕರ ಪಾಲಿಗೆ ಈ ಉದ್ಯಮದ ಕ್ರೂರ ಸತ್ಯ ಇದು.

ಕರ್ನಾಟಕದಲ್ಲಿ ಇದನ್ನು ಅತ್ಯಂತ ಸ್ಪಷ್ಟವಾಗಿ ತೋರಿಸಿದ್ದು ಬಳ್ಳಾರಿ, ಸಂಡೂರು, ಹೊಸಪೇಟೆಯ ಅದಿರು ಲಾರಿಗಳ ಕಥೆ. 2003ರ ನಂತರ ಚೀನಾದ ಉಕ್ಕಿನ ಕಾರ್ಖಾನೆಗಳಿಗೆ ಎಷ್ಟು ಅದಿರು ಕೊಟ್ಟರೂ ಸಾಲದಾಯಿತು. ಸಂಡೂರಿನ ಗುಡ್ಡಗಳಿಂದ ಹೊರಟ ಲಾರಿಗಳು ಒಂದು ಕಡೆ ಹುಬ್ಬಳ್ಳಿ, ಯಲ್ಲಾಪುರ, ಅರಬೈಲು ಘಟ್ಟ ಇಳಿದು ಬೇಲೇಕೇರಿ, ಕಾರವಾರ ಬಂದರುಗಳಿಗೆ ಹೋದವು. ಮತ್ತೆ ಕೆಲವು ಮಂಗಳೂರಿಗೆ, ಇನ್ನು ಕೆಲವು ಪೂರ್ವದ ಕೃಷ್ಣಪಟ್ಟಣ, ಚೆನ್ನೈ ಕಡೆಗೆ. ರಾಜ್ಯದ ಅದಿರು ಉತ್ಪಾದನೆ ವರ್ಷಕ್ಕೆ 4 ಕೋಟಿ ಟನ್ ದಾಟಿತು. ಹೊಲ ಮಾರಿ ಮುಂಗಡ ಕಟ್ಟಿದವರು, ಬಂಗಾರ ಅಡವಿಟ್ಟು ಟಿಪ್ಪರ್ ತಂದವರು ಆ ಸೀಮೆಯಲ್ಲಿ ಊರೂರಿಗೂ ಇದ್ದರು. ಸಾಲವೂ ಸುಲಭವಾಗಿ ಸಿಗುತ್ತಿತ್ತು, ಏಕೆಂದರೆ ಕೊಡುವವರಿಗೂ ತೆಗೆದುಕೊಳ್ಳುವವರಿಗೂ ಒಂದೇ ನಂಬಿಕೆ ಇತ್ತು: ಅದಿರು ಮುಗಿಯುವುದಿಲ್ಲ.

ಅದಿರು ಮುಗಿಯಲಿಲ್ಲ, ನಿಂತಿತು. 2008ರ ಕೊನೆಯ ತಿಂಗಳುಗಳಲ್ಲಿ ಜಾಗತಿಕ ಹಣಕಾಸು ಬಿಕ್ಕಟ್ಟಿನೊಂದಿಗೆ ಅದಿರಿನ ಬೆಲೆ ಪಾತಾಳಕ್ಕಿಳಿದದ್ದು ಮೊದಲ ಎಚ್ಚರಿಕೆ. ಬೆಲೆ ಬೇಗ ಚೇತರಿಸಿಕೊಂಡದ್ದರಿಂದ ಆ ಎಚ್ಚರಿಕೆ ಯಾರ ಕಿವಿಗೂ ಬೀಳಲಿಲ್ಲ. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರು ರಫ್ತಿಗೆ ತಡೆ ಹಾಕಿತು. ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರ ಅಕ್ರಮ ಗಣಿಗಾರಿಕೆ ವರದಿ 2011ರ ಜುಲೈ 27ರಂದು ಸಲ್ಲಿಕೆಯಾಯಿತು. ಅದಾದ ಎರಡೇ ದಿನಕ್ಕೆ, ಜುಲೈ 29ರಂದು, ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಆಗಸ್ಟ್ 26ರಂದು ಚಿತ್ರದುರ್ಗ, ತುಮಕೂರು ಜಿಲ್ಲೆಗಳಿಗೂ ಆ ಆದೇಶವನ್ನು ವಿಸ್ತರಿಸಿತು. ಕೇಂದ್ರ ಸರ್ಕಾರದ ಗಣಿ ಕಂಪನಿ ಎನ್‌ಎಂಡಿಸಿಗೆ ತಿಂಗಳಿಗೆ 10 ಲಕ್ಷ ಟನ್ ತೆಗೆಯಲು ಅನುಮತಿ ಸಿಕ್ಕಿತು, ದಾಸ್ತಾನಿದ್ದ ಅದಿರು ಇ-ಹರಾಜಿನಲ್ಲಿ ಹೋಯಿತು. ಸಾವಿರಾರು ಲಾರಿಗಳ ಪಾಲಿಗೆ ಉಳಿದ ಕೆಲಸ ಇಷ್ಟೇ. 2011–12ರಲ್ಲಿ ರಾಜ್ಯದ ಉತ್ಪಾದನೆ ಉತ್ತುಂಗದ ಮೂರನೇ ಒಂದು ಭಾಗದ ಆಸುಪಾಸಿಗೆ ಇಳಿದಿತ್ತು.

ಅಕ್ರಮ ನಿಲ್ಲಲೇಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಗುಡ್ಡಗಳಿಗೆ, ಹೊಲಗಳಿಗೆ, ಆ ರಸ್ತೆಗಳಲ್ಲಿ ಪ್ರಾಣ ಕಳೆದುಕೊಂಡವರಿಗೆ ಆದ ಅನ್ಯಾಯ ದೊಡ್ಡದು. ಆದರೆ ಗಣಿಯ ಲಾಭ ಉಂಡವರ ಬಳಿ ಉಳಿದ ವರ್ಷಗಳಿಗೆ ಬೇಕಾದ ಹಣ ಇತ್ತು. ಲಾರಿ ಮಾಲೀಕನ ಬಳಿ ಇದ್ದದ್ದು ಮುಂದಿನ ತಿಂಗಳ ಕಂತಿನ ಚೀಟಿ.

ಅಂಥ ಹೊತ್ತಿನಲ್ಲಿ ಬೇರೆ ಲೋಡಿಗೆ ಹೋಗಬಹುದಲ್ಲ ಎಂಬ ಸಲಹೆ ಸುಲಭ. ಅದಕ್ಕೆ ಮೊದಲ ಅಡ್ಡಿ ಲಾರಿಯ ಮೈಕಟ್ಟೇ. ಅದಿರಿಗೆಂದು ಕಟ್ಟಿದ ಟಿಪ್ಪರ್‌ನ ಚಾಸಿ ಗಿಡ್ಡ. ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರ ಕಡಿಮೆ. ಘಟ್ಟ ಹತ್ತಲು, ಗಣಿಯ ಕಚ್ಚಾ ದಾರಿಯಲ್ಲಿ ಜಗ್ಗಲು ಅನುಕೂಲವಾಗುವಂತೆ ಹಿಂದಿನ ಹೌಸಿಂಗ್‌ನ ಗೇರ್ ಅನುಪಾತ ಇಟ್ಟಿರುತ್ತಾರೆ. ಅದೇ ಗಾಡಿ ಹೆದ್ದಾರಿಯಲ್ಲಿ ದೂರದ ಓಟಕ್ಕೆ ಇಳಿದರೆ ಎಂಜಿನ್ ಹೆಚ್ಚು ಸುತ್ತಬೇಕು, ಡೀಸೆಲ್ ಹೆಚ್ಚು ಕುಡಿಯಬೇಕು, ಆದರೂ ವೇಗ ಬಾರದು. ಬಾಡಿ ಎತ್ತುವ ಜಾಕಿ, ಅದಕ್ಕೆ ಒತ್ತಡ ಕೊಡುವ ಪಂಪು, ಕೆಳಗಿನ ಸಬ್‌ಫ್ರೇಮ್, ದಪ್ಪ ತಗಡಿನ ಬಾಡಿ ಸೇರಿ ಖಾಲಿ ಗಾಡಿಯ ತೂಕವೇ ಸಾಧಾರಣ ಲಾರಿಗಿಂತ ಹೆಚ್ಚು. ಒಟ್ಟು ತೂಕಕ್ಕೆ ಕಾನೂನಿನ ಮಿತಿ ಇರುವುದರಿಂದ ಖಾಲಿ ತೂಕ ಹೆಚ್ಚಿದಷ್ಟೂ ಹೊರಬಹುದಾದ ಲೋಡು ಕಡಿಮೆ.

ಇನ್ನೊಂದು ತೊಡಕು ಅಳತೆಯದು. ಕಬ್ಬಿಣದ ಅದಿರು ಒಂದು ಘನ ಮೀಟರಿಗೆ ಸುಮಾರು ಎರಡೂವರೆ ಟನ್ ತೂಗುತ್ತದೆ. ಹತ್ತು ಚಕ್ರದ ಗಾಡಿಯ ಕಾನೂನುಬದ್ಧ ಲೋಡಿಗೆ ಆರೇಳು ಘನ ಮೀಟರ್ ಜಾಗ ಸಾಕು. ಮೆಕ್ಕೆಜೋಳ ಅದೇ ಅಳತೆಗೆ ಮುಕ್ಕಾಲು ಟನ್ನೂ ತೂಗದು. 14 ಘನ ಮೀಟರಿನ ಟಿಪ್ಪರ್ ಬಾಡಿಯ ಅಂಚಿನ ತನಕ ಮೆಕ್ಕೆಜೋಳ ತುಂಬಿದರೂ ಹತ್ತು ಟನ್ ಆಗುವುದು ಕಷ್ಟ. ಹತ್ತಿಯ ಅಂಡಿಗೆಯಾದರೆ ಇನ್ನೂ ಕಡಿಮೆ. ಬಾಡಿಗೆ ಟನ್ ಲೆಕ್ಕದಲ್ಲಿ ಬರುತ್ತದೆ, ಡೀಸೆಲ್ ಮಾತ್ರ ಕಿಲೋಮೀಟರ್ ಲೆಕ್ಕದಲ್ಲಿ ಹೋಗುತ್ತದೆ. ದಾವಣಗೆರೆ, ಹಾವೇರಿಯ ಮೆಕ್ಕೆಜೋಳವೋ ಗಂಗಾವತಿಯ ಅಕ್ಕಿಯೋ ಕಣ್ಣೆದುರೇ ಇದ್ದರೂ ಅದಿರಿನ ಟಿಪ್ಪರ್‌ಗೆ ಅದು ದಕ್ಕುವುದಿಲ್ಲ.

ಬಾಡಿ ಬಿಚ್ಚಿ ಬೇರೆ ಕಟ್ಟಿಸಬಹುದಲ್ಲ ಎಂದರೆ, ಚಾಸಿ ಗಿಡ್ಡವಾಗಿಯೇ ಉಳಿಯುತ್ತದೆ. ಅಲ್ಲದೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರ ಮೂಲ ವಿವರಕ್ಕೆ ಹೊರತಾದ ಮಾರ್ಪಾಡು ಮಾಡುವಂತಿಲ್ಲ. ಅವಕಾಶವಿರುವ ಬದಲಾವಣೆಗೂ ಆರ್‌ಟಿಒ ಅನುಮತಿ ಪಡೆದು ನೋಂದಣಿ ಪತ್ರದಲ್ಲಿ (ಆರ್‌ಸಿ) ನಮೂದಿಸಬೇಕು. ಆರ್‌ಸಿಯಲ್ಲಿ ಟಿಪ್ಪರ್ ಎಂದಿದ್ದು ರಸ್ತೆಯಲ್ಲಿ ಬೇರೆ ಬಾಡಿ ಕಂಡರೆ ಎಫ್‌ಸಿ (ಅರ್ಹತಾ ಪತ್ರ) ಆಗುವುದಿಲ್ಲ, ಅಪಘಾತವಾದರೆ ವಿಮೆ ಕಂಪನಿ ತಕರಾರು ತೆಗೆಯುತ್ತದೆ. ಗಾಡಿ ಸಾಲದಲ್ಲಿದ್ದರೆ ಸಾಲ ಕೊಟ್ಟವರ ಒಪ್ಪಿಗೆಯೂ ಬೇಕು. ಕಂತು ಬಾಕಿ ಇದ್ದವನಿಗೆ ಆ ಒಪ್ಪಿಗೆ ಪತ್ರ ಸಿಗುವುದು ಎಷ್ಟು ಕಷ್ಟ ಎಂಬುದನ್ನು ಬೇರೆ ಹೇಳಬೇಕಿಲ್ಲ.

ಅಮೆರಿಕದ ಸ್ವಂತ ಟ್ರಕ್ ಮಾಲೀಕರ ಸ್ಥಿತಿ ಈ ಒಂದು ವಿಷಯದಲ್ಲಿ ಬೇರೆ. ಅಲ್ಲಿ ಎಳೆಯುವ ಟ್ರಾಕ್ಟರ್ ಒಂದು ಗಾಡಿ, ಲೋಡು ಹೊರುವ ಟ್ರೈಲರ್ ಇನ್ನೊಂದು. ಮುಚ್ಚಿದ ಪೆಟ್ಟಿಗೆಯ ಟ್ರೈಲರ್‌ಗೆ ದರ ಬಿದ್ದಾಗ ಅದನ್ನು ಬಿಟ್ಟು ಚಪ್ಪಟೆ ಟ್ರೈಲರನ್ನೋ ಶೀತಲ ಪೆಟ್ಟಿಗೆಯನ್ನೋ ಬಾಡಿಗೆಗೆ ಹಿಡಿದು ಅದೇ ಟ್ರಾಕ್ಟರ್‌ಗೆ ಜೋಡಿಸಬಹುದು. 2022ರ ನಂತರ ಅಲ್ಲಿ ಬಾಡಿಗೆ ದರ ಕುಸಿದಾಗಲೂ ಹಲವರು ಈ ದಾರಿ ಹಿಡಿಯಲು ನೋಡಿದರು. ಭಾರತದಲ್ಲಿ ಸಣ್ಣ ಮಾಲೀಕರ ಬಳಿ ಇರುವುದು ಹೆಚ್ಚಾಗಿ ಒಂದೇ ಚಾಸಿಯ ಆರು, ಹತ್ತು, ಹನ್ನೆರಡು, ಹದಿನಾಲ್ಕು ಚಕ್ರದ ಲಾರಿಗಳು. ಇಲ್ಲಿ ಲೋಡು ಬದಲಿಸುವುದೆಂದರೆ ಬಹುಪಾಲು ಗಾಡಿಯನ್ನೇ ಬದಲಿಸಿದಂತೆ.

ಮೈಕಟ್ಟು ಬದಲಿಸದೆ ಹೋಗಬಹುದಾದ ಕಡೆಗಳೂ ಇದ್ದವು. ಟಿಪ್ಪರ್‌ಗೆ ಅತಿ ಹತ್ತಿರದ ನೆಂಟ ಜಲ್ಲಿ ಮತ್ತು ಎಂ-ಸ್ಯಾಂಡ್. ನದಿ ಮರಳಿನ ಮೇಲೆ ನಿರ್ಬಂಧ ಬಿಗಿಯಾದಂತೆ ಕ್ರಷರ್‌ಗಳ ಮರಳಿಗೆ ಬೇಡಿಕೆ ಏರಿತು, ಹೆದ್ದಾರಿ ಅಗಲೀಕರಣದ ಕಾಮಗಾರಿಗೆ ಮಣ್ಣು, ಜಲ್ಲಿ ಬೇಕಾಯಿತು. ಈ ಕೆಲಸಕ್ಕೆ ಹೊಸ ಬಂಡವಾಳ ಬೇಡ, ಡ್ರೈವರ್ ಹೊಸದಾಗಿ ಕಲಿಯಬೇಕಾದ್ದೂ ಕಡಿಮೆ. ಆದರೆ ಓಟ ಚಿಕ್ಕದು, ಕ್ರಷರ್‌ನಲ್ಲಿ ಪಾಳಿ ಕಾಯಬೇಕು, ಮಳೆಗಾಲದಲ್ಲಿ ಕೆಲಸ ನಿಲ್ಲುತ್ತದೆ, ಗುತ್ತಿಗೆದಾರನ ಬಿಲ್ಲು ಪಾಸಾಗುವ ತನಕ ಬಾಡಿಗೆ ಹಣ ಬಾಕಿ. ಕಟ್ಟಡ ಉದ್ಯಮವೂ ಹಿನ್ನಡೆಯಲ್ಲಿ ಬೇಗ ಬೀಳುವಂಥದ್ದು ಎಂಬುದನ್ನೂ ಮರೆಯುವಂತಿಲ್ಲ.

ಅದಿರನ್ನೇ ಬೆನ್ನಟ್ಟಿ ಬೇರೆ ರಾಜ್ಯಕ್ಕೆ ಹೋಗುವುದು ಇನ್ನೊಂದು ದಾರಿ. ಇದು ಗುರುತಿನ ಕೆಲಸ, ಹಾಗಾಗಿ ಧೈರ್ಯ ಬರುತ್ತದೆ; ಅದೇ ಇದರ ಅಪಾಯ. ಗೋವಾದಲ್ಲಿ 2012ರ ಸೆಪ್ಟೆಂಬರ್‌ನಲ್ಲಿ ಸರ್ಕಾರವೂ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟೂ ಗಣಿಗಾರಿಕೆ ನಿಲ್ಲಿಸಿದವು. 2014ರಲ್ಲಿ ಒಡಿಶಾದ ಹಲವು ಗಣಿಗಳಿಗೂ ಕೋರ್ಟಿನ ತಡೆ ಬಂತು. ಊರು ಬದಲಾದರೂ ಸರಕು ಅದೇ ಆಗಿದ್ದರೆ ಅಪಾಯವೂ ಬೆನ್ನಿಗೇ ಬರುತ್ತದೆ. ಜೊತೆಗೆ ಗಣಿ ಮತ್ತು ಸಿಮೆಂಟು ಪ್ರದೇಶಗಳಲ್ಲಿ ಸ್ಥಳೀಯ ಲಾರಿ ಮಾಲೀಕರ ಸಂಘಗಳ ಹಿಡಿತ ಬಲವಾಗಿರುತ್ತದೆ. ಲೋಡು ಪಾಳಿ ಪ್ರಕಾರ ಹಂಚಿಕೆ, ಮೊದಲು ಊರಿನ ಗಾಡಿ, ಆಮೇಲೆ ಹೊರಗಿನದು. ಹಿಮಾಚಲ ಪ್ರದೇಶದಲ್ಲಿ 2022ರ ಡಿಸೆಂಬರ್‌ನಿಂದ 2023ರ ಫೆಬ್ರವರಿ ತನಕ ಬಾಡಿಗೆ ದರದ ತಕರಾರಿನಲ್ಲಿ ಬರಮಾಣಾ ಮತ್ತು ದಾರ್ಲಾಘಾಟ್‌ನ ಎರಡು ಸಿಮೆಂಟು ಕಾರ್ಖಾನೆಗಳೇ ಬಾಗಿಲು ಹಾಕಿದ್ದವು. ಅಷ್ಟು ಬಲ ಅಲ್ಲಿನ ಲಾರಿ ಸಂಘಗಳಿಗಿದೆ. ಸಂಘ ತನ್ನವರನ್ನು ಕಾಯುತ್ತದೆ, ಅದು ಅದರ ಕೆಲಸ. ಹೊರಗಿನಿಂದ ಬಂದವನಿಗೆ ಮಾತ್ರ ಪಾಳಿಯ ಕೊನೆಯ ಜಾಗ.

ಬಳ್ಳಾರಿ ಸೀಮೆಯ ಸುತ್ತಲೇ ಅದಿರಲ್ಲದ ದೊಡ್ಡ ಲೋಡುಗಳು ಇದ್ದವು. ರಾಯಚೂರಿನ ಶಕ್ತಿನಗರದಲ್ಲೂ ಬಳ್ಳಾರಿ ಹತ್ತಿರದ ಕುಡತಿನಿಯಲ್ಲೂ ಕಲ್ಲಿದ್ದಲಿನ ವಿದ್ಯುತ್ ಸ್ಥಾವರಗಳಿವೆ. ಅಲ್ಲಿನ ಹಾರುಬೂದಿ ಸಿಮೆಂಟಿನಲ್ಲಿ ಬೆರೆಯುತ್ತದೆ. ಕಲಬುರಗಿ ಜಿಲ್ಲೆಯ ವಾಡಿ, ಮಳಖೇಡ, ಸೇಡಂ ಭಾಗದಲ್ಲಿ ಸಿಮೆಂಟು ಕಾರ್ಖಾನೆಗಳ ಸಾಲೇ ಇದೆ. ಬೂದಿ ಮತ್ತು ಬಿಡಿ ಸಿಮೆಂಟು ಓಡುವುದು ಬಲ್ಕರ್‌ಗಳಲ್ಲಿ. ಬಲ್ಕರ್ ಎಂದರೆ ಮುಚ್ಚಿದ ಉದ್ದನೆಯ ಟ್ಯಾಂಕು. ಇಳಿಸುವಾಗ ಕಂಪ್ರೆಸರ್‌ನ ಗಾಳಿ ಒಳಗೆ ನುಗ್ಗಿ ಪುಡಿಯನ್ನು ನೀರಿನಂತೆ ಹರಿಯುವಂತೆ ಮಾಡಿ, ಕೊಳವೆಯಲ್ಲಿ ಮೇಲಿನ ಸೈಲೋಗೆ ತಳ್ಳುತ್ತದೆ. ಹಮಾಲಿ ಇಲ್ಲ, ತಾಡಪಾಲು ಇಲ್ಲ, ಮಳೆಯ ಚಿಂತೆ ಕಡಿಮೆ. ಆದರೆ ಒತ್ತಡ ಹೆಚ್ಚಾದರೆ, ವಾಲ್ವು ತೆಗೆಯುವ ಕ್ರಮ ತಪ್ಪಿದರೆ ಅಪಾಯ. ಪೈಪು ಕಟ್ಟಿಕೊಂಡರೆ ಅರ್ಧ ದಿನ ಹೋಯಿತು. ಟ್ಯಾಂಕಿನ ತಳದಲ್ಲಿ ಪುಡಿ ಉಳಿದರೆ ತೂಕದ ಕೊರತೆ ಬಾಡಿಗೆಯಲ್ಲೇ ಕಡಿತವಾಗುತ್ತದೆ. ಇದೆಲ್ಲ ಡ್ರೈವರ್‌ನ ಕೈಗೆ ಹತ್ತಬೇಕಾದ ಕೆಲಸ. ಹೋದ ಸರಕು ಸಿಮೆಂಟಾದರೆ ಬರುವಾಗ ಗಾಡಿ ಖಾಲಿ, ಏಕೆಂದರೆ ಬಲ್ಕರ್‌ನಲ್ಲಿ ಇಂಥ ಪುಡಿ ಬಿಟ್ಟು ಬೇರೆ ಲೋಡು ಹಾಕಲಾಗದು. ಹೋಗುವಾಗಿನ ಬಾಡಿಗೆಯಲ್ಲೇ ಎರಡೂ ಓಟದ ಖರ್ಚು ಹುಟ್ಟಬೇಕು. ಸಿಮೆಂಟು ಒಂದು ದಿಕ್ಕಿಗೆ, ಬೂದಿ ಇನ್ನೊಂದು ದಿಕ್ಕಿಗೆ ಸಿಗುವ ದಾರಿ ಹಿಡಿದವನು ಗೆದ್ದ.

ಬಳ್ಳಾರಿ ಹತ್ತಿರದ ತೋರಣಗಲ್ಲಿನ ಕಾರ್ಖಾನೆಯ ಉಕ್ಕಿನ ತಗಡಿನ ಸುರುಳಿ, ಅಂದರೆ ಕಾಯಿಲ್‌ಗಳಿಗೆ ಟ್ರೈಲರ್ ಬೇಕು, ಸರಪಳಿ ಬಿಗಿಯುವುದನ್ನು ಬಲ್ಲ ಡ್ರೈವರ್ ಬೇಕು. ಕಾಯಿಲ್ ಜಾರಿದರೆ ಕ್ಯಾಬಿನ್ ಉಳಿಯುವುದಿಲ್ಲ. ಬಂದರಿನ ಕಂಟೇನರ್ ಸಾಗಣೆಗೆ ರಫ್ತು ಆಮದಿನ ಏರಿಳಿತವೇ ಒಡೆಯ. ಜಾಗತಿಕ ಹಿನ್ನಡೆಯಲ್ಲಿ ಅದಿರಿನ ಜೊತೆಗೇ ಅದೂ ಬೀಳುತ್ತದೆ.

ಇಂಧನ ಟ್ಯಾಂಕರ್ ಎಲ್ಲರಿಗೂ ಸುರಕ್ಷಿತವಾಗಿ ಕಾಣುತ್ತದೆ. ಪೆಟ್ರೋಲು, ಡೀಸೆಲ್, ಅಡುಗೆ ಅನಿಲ ನಿಲ್ಲುವಂಥವಲ್ಲ, ಹಣ ತೈಲ ಕಂಪನಿಗಳಿಂದ ಬರುತ್ತದೆ. ಹಾಗೆಂದು ಬೇಕೆಂದಾಗ ಒಳಗೆ ಹೋಗುವಂತಿಲ್ಲ. ತೈಲ ಕಂಪನಿಗಳು ಹಲವು ವರ್ಷಗಳ ಅವಧಿಗೆ ಟೆಂಡರ್ ಕರೆದು ಗಾಡಿಗಳನ್ನು ತೆಗೆದುಕೊಳ್ಳುತ್ತವೆ. ನಡುವೆ ಬಾಗಿಲು ಮುಚ್ಚಿರುತ್ತದೆ. ಟ್ಯಾಂಕಿಗೆ ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷತೆ ನೋಡುವ ಪೆಸೊ ಸಂಸ್ಥೆಯ ಪರವಾನಗಿ ಬೇಕು. ಅಪಾಯಕಾರಿ ಸರಕು ಓಡಿಸುವ ಡ್ರೈವರ್ ಕೇಂದ್ರ ಮೋಟಾರು ವಾಹನ ನಿಯಮಗಳ 9ನೇ ನಿಯಮದಂತೆ ಮೂರು ದಿನದ ತರಬೇತಿ ಪಡೆದು ಲೈಸೆನ್ಸಿನಲ್ಲಿ ನಮೂದು ಮಾಡಿಸಿರಬೇಕು. ಗಾಡಿಯ ಮೇಲೆ ಸರಕಿನ ಅಪಾಯ ಸೂಚಿಸುವ ಫಲಕ, ಕ್ಯಾಬಿನ್ನಿನಲ್ಲಿ ತುರ್ತು ಸೂಚನೆಯ ಟ್ರೆಮ್ ಕಾರ್ಡ್ ಇರಬೇಕು. ಇಷ್ಟು ಸಿದ್ಧತೆ ಹಿನ್ನಡೆ ಬಂದ ಮೇಲೆ ಆಗುವ ಮಾತಲ್ಲ. ತುರ್ತಿನಲ್ಲಿ ಟ್ಯಾಂಕರ್ ಬದಲಿಸಿದ ಉದಾಹರಣೆಯೂ ಇದೆ: 2021ರ ಏಪ್ರಿಲ್‌ನಲ್ಲಿ ಕೊರೊನಾದ ಎರಡನೇ ಅಲೆಯಲ್ಲಿ ನೈಟ್ರೋಜನ್, ಆರ್ಗಾನ್ ಟ್ಯಾಂಕರ್‌ಗಳನ್ನು ಆಮ್ಲಜನಕಕ್ಕೆ ಪರಿವರ್ತಿಸಿದ್ದು ದೇಶದ ಜೀವ ಉಳಿಸುವ ಕೆಲಸವಾಗಿತ್ತು. ಅದು ಸಾಧ್ಯವಾದದ್ದು ಅವು ಮೊದಲೇ ಅತಿಶೀತ ದ್ರವ ಹೊರಲೆಂದು ಕಟ್ಟಿದ ಟ್ಯಾಂಕುಗಳಾಗಿದ್ದರಿಂದ, ಮತ್ತು ಸರ್ಕಾರವೇ ಮುಂದೆ ನಿಂತದ್ದರಿಂದ.

ಯಾವ ವಲಯ ಒಳ್ಳೆಯದು ಎಂದು ಕೇಳುವಾಗ ಎಲ್ಲರೂ ನೋಡುವುದು ಟನ್ನಿನ ದರವನ್ನು. ಅದು ದಾರಿ ತಪ್ಪಿಸುವ ಅಂಕಿ. ಉದಾಹರಣೆಗೆ ಒಂದು ಕಲ್ಪಿತ ಲೆಕ್ಕ ನೋಡಬಹುದು. ಎರಡು ಕೆಲಸಗಳಿವೆ, ಎರಡಕ್ಕೂ ಒಂದು ಕಡೆಗೆ 500 ಕಿಲೋಮೀಟರಿನ ದಾರಿ, ಲೀಟರಿಗೆ ಸರಾಸರಿ 4 ಕಿಲೋಮೀಟರ್, ಡೀಸೆಲ್ ಬೆಲೆ 90 ರೂಪಾಯಿ ಎಂದುಕೊಂಡರೆ ಹೋಗಿಬರಲು ಡೀಸೆಲ್‌ಗೇ 22,500 ರೂಪಾಯಿ. ಮೊದಲ ಕೆಲಸದಲ್ಲಿ ಹೋಗುವ ಬಾಡಿಗೆ 30,000, ಬರುವಾಗ ಖಾಲಿ. ಟೋಲ್ 3,000, ಬಾಟಾ 2,000 ಕಳೆದರೆ ಕೈಗೆ ಉಳಿಯುವುದು 2,500. ಮೂರು ದಿನಕ್ಕೊಂದು ಟ್ರಿಪ್ಪಿನಂತೆ ತಿಂಗಳಿಗೆ ಹತ್ತು ಟ್ರಿಪ್ಪು, 25,000 ರೂಪಾಯಿ. ಎರಡನೆಯ ಕೆಲಸದಲ್ಲಿ ಹೋಗುವ ಬಾಡಿಗೆ 24,000 ಮಾತ್ರ, ಆದರೆ ಬರುವಾಗ 16,000ದ ರಿಟರ್ನ್ ಲೋಡು. ಲೋಡಿಗೆ ಕಾಯುವುದು ಸೇರಿ ಐದು ದಿನ ಹಿಡಿಯುತ್ತದೆ. ಬಾಟಾ 3,000ಕ್ಕೆ ಏರುತ್ತದೆ, ಬ್ರೋಕರ್ ಕಮಿಷನ್, ಹಮಾಲಿ ಎಂದು 1,500 ಹೋಗುತ್ತದೆ. ಆದರೂ ಟ್ರಿಪ್ಪಿಗೆ 10,000, ತಿಂಗಳಿಗೆ ಆರು ಟ್ರಿಪ್ಪಿಗೆ 60,000 ಉಳಿಯುತ್ತದೆ. ಕಂತು 50,000 ಇದ್ದರೆ ಹೆಚ್ಚು ದರದ ಮೊದಲ ಕೆಲಸ ಗಾಡಿಯನ್ನು ಯಾರ್ಡಿಗೆ ಕಳುಹಿಸುತ್ತದೆ, ಕಡಿಮೆ ದರದ ಎರಡನೆಯದು ಉಸಿರಾಡಲು ಬಿಡುತ್ತದೆ.

ಈ ಎರಡನೆಯ ಲೆಕ್ಕದಲ್ಲೂ ಒಂದು ಬಲೆ ಇದೆ. ಹೊಸ ಪಾರ್ಟಿ ಹಣ ಕೊಡುವುದು ಎರಡು ತಿಂಗಳ ನಂತರ ಎಂದಾದರೆ, ಟ್ರಿಪ್ಪಿಗೆ 30,000ದಂತೆ ಹನ್ನೆರಡು ಟ್ರಿಪ್ಪಿನ 3,60,000 ರೂಪಾಯಿಯನ್ನು ಮಾಲೀಕನೇ ಮೊದಲು ಹೂಡಬೇಕು, ಆ ಎರಡು ತಿಂಗಳ ಕಂತು ಬೇರೆ. ಹಳೆಯ ವಲಯದಲ್ಲಿ ಗುರುತಿನ ಟ್ರಾನ್ಸ್‌ಪೋರ್ಟ್ ಆಫೀಸಿನವರು ಅಡ್ವಾನ್ಸ್ ಕೊಡುತ್ತಿದ್ದರು, ಪೆಟ್ರೋಲ್ ಬಂಕಿನಲ್ಲಿ ಸಾಲ ಬರೆಯುತ್ತಿದ್ದರು, ಟೈರಿನ ಅಂಗಡಿಯವನು ಹಬ್ಬದ ತನಕ ಕಾಯುತ್ತಿದ್ದ. ಹೊಸ ಊರಿನಲ್ಲಿ ಎಲ್ಲದಕ್ಕೂ ನಗದು. ವಲಯ ಬದಲಿಸಿದವರು ಸೋಲುವುದು ಹೆಚ್ಚಾಗಿ ಈ ಮೊದಲ ಎರಡು ಮೂರು ತಿಂಗಳಲ್ಲಿ, ಲೋಡು ಇಲ್ಲದೆ ಅಲ್ಲ, ಕೈಯಲ್ಲಿ ಹಣ ಇಲ್ಲದೆ.

ಓವರ್‌ಲೋಡ್ ಇನ್ನೊಂದು ಮುಚ್ಚಿಟ್ಟ ವ್ಯತ್ಯಾಸ. ಅದಿರಿನ ದಿನಗಳಲ್ಲಿ ಮಿತಿ ಮೀರಿ ತುಂಬುವುದು ಸಾಮಾನ್ಯವಾಗಿತ್ತು. ಅನೇಕರ ಕಂತಿನ ಲೆಕ್ಕವೇ ಆ ಹೆಚ್ಚುವರಿ ಟನ್ನುಗಳ ಮೇಲೆ ನಿಂತಿತ್ತು. ದೊಡ್ಡ ಕಂಪನಿಗಳ ಸಿಮೆಂಟು, ಉಕ್ಕಿನ ಲೋಡಿನಲ್ಲಿ ವೇಬ್ರಿಡ್ಜ್ ದಾಟದೆ ಗೇಟು ತೆರೆಯದು. ಮೊದಲು ಓವರ್‌ಲೋಡಿಗೆ 2,000 ರೂಪಾಯಿ, ಮೇಲೆ ಟನ್ನಿಗೆ 1,000 ದಂಡ ಇತ್ತು. 2019ರ ತಿದ್ದುಪಡಿ ಅದನ್ನು 20,000ಕ್ಕೂ ಟನ್ನಿಗೆ 2,000ಕ್ಕೂ ಏರಿಸಿತು. ಕಾನೂನಿನೊಳಗಿನ ತೂಕಕ್ಕೆ ಲೆಕ್ಕ ಹಾಕಿದಾಗ ನಷ್ಟ ತೋರಿಸುವ ಗಾಡಿ ಲಾಭದ ಗಾಡಿಯೇ ಅಲ್ಲ. ಅದರ ಹೆಚ್ಚುವರಿ ಗಳಿಕೆಯ ಬೆಲೆಯನ್ನು ಬ್ರೇಕು, ಆಕ್ಸಲ್, ಎದುರು ಬರುವವರು ತೆರುತ್ತಾರೆ.

2018–20ರ ಹಿನ್ನಡೆಯಲ್ಲಿ ಇದೇ ತೂಕದ ವಿಷಯ ಇನ್ನೊಂದು ರೂಪದಲ್ಲಿ ಬಂತು. 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಆಕ್ಸಲ್ ಮಿತಿಯನ್ನು ಹೆಚ್ಚಿಸಿತು. ನಾಲ್ಕು ಟೈರಿನ ಒಂಟಿ ಆಕ್ಸಲ್‌ಗೆ 10.2 ಟನ್ ಇದ್ದದ್ದು 11.5 ಆಯಿತು, ಜೋಡಿ ಆಕ್ಸಲ್‌ಗೆ 19 ಇದ್ದದ್ದು 21. ಒಂದೂ ಹೊಸ ಲಾರಿ ರಸ್ತೆಗಿಳಿಯದೆ ದೇಶದ ಸಾಗಣೆ ಸಾಮರ್ಥ್ಯ ಹೆಚ್ಚಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಮೂಲಸೌಕರ್ಯಕ್ಕೆ ಸಾಲ ಕೊಡುತ್ತಿದ್ದ ಐಎಲ್ ಆ್ಯಂಡ್ ಎಫ್‌ಎಸ್ ಕಂಪನಿ ಕುಸಿದು ಫೈನಾನ್ಸ್ ಕಂಪನಿಗಳ ಹಣದ ಹರಿವು ಬತ್ತಿತು, ಸರಕೂ ಇಳಿಯಿತು. 2019–20ರಲ್ಲಿ ಮಧ್ಯಮ ಮತ್ತು ಭಾರಿ ವಾಣಿಜ್ಯ ವಾಹನಗಳ ಮಾರಾಟ ಶೇ 40ಕ್ಕೂ ಹೆಚ್ಚು ಕುಸಿದದ್ದರಲ್ಲಿ ಈ ಕಾರಣಗಳೆಲ್ಲ ಸೇರಿವೆ. ಆ ಬಾರಿ ಓಡಿಹೋಗಲು ಬೇರೆ ವಲಯವೇ ಇರಲಿಲ್ಲ, ಏಕೆಂದರೆ ಹೆಚ್ಚಾದ ಸಾಮರ್ಥ್ಯ ಎಲ್ಲ ವಲಯದಲ್ಲೂ ಇತ್ತು. ಅದರ ಹಿಂದೆಯೇ ಕೊರೊನಾ ಬಂತು. 2020ರ ಮಾರ್ಚ್‌ನಿಂದ ಆಗಸ್ಟ್ ತನಕ ರಿಸರ್ವ್ ಬ್ಯಾಂಕು ಕಂತಿಗೆ ವಿನಾಯಿತಿಯ ಅವಕಾಶ ಕೊಟ್ಟಿತಾದರೂ ಬಡ್ಡಿ ಬೆಳೆಯುತ್ತಲೇ ಹೋಯಿತು.

ಕಾಗದಪತ್ರದ ಕೆಲವು ಸಂಗತಿಗಳನ್ನು ಮೊದಲೇ ನೋಡಿಕೊಳ್ಳದವರು ಹೊಸ ಲೋಡು ಸಿಕ್ಕ ಮೇಲೂ ರಸ್ತೆಯಲ್ಲಿ ಸಿಕ್ಕಿಬೀಳುತ್ತಾರೆ. ಜಿಲ್ಲೆಯೊಳಗೆ ಅದಿರು ಓಡಿಸುವಾಗ ನ್ಯಾಷನಲ್ ಪರ್ಮಿಟ್ ಬೇಕಿರಲಿಲ್ಲ. ಹೊರರಾಜ್ಯದ ಲೋಡಿಗೆ ಬೇಕು. ಅದು ಸಾಮಾನ್ಯ ಲಾರಿಗೆ 12 ವರ್ಷ, ಮಲ್ಟಿ-ಆಕ್ಸಲ್ ಗಾಡಿಗೆ 15 ವರ್ಷ ಮೀರಿದ ಮೇಲೆ ಸಿಗುವುದಿಲ್ಲ. ಹಳೆಯ ಗಾಡಿಯವನಿಗೆ ರಾಜ್ಯದೊಳಗಿನ ಓಟವಷ್ಟೇ ಉಳಿದ ದಾರಿ. ಗಾಡಿಯನ್ನು ನಿಲ್ಲಿಸಿಯೇ ಬಿಡುವುದಾದರೆ ಆರ್‌ಟಿಒಗೆ ಮೊದಲೇ ತಿಳಿಸಿ ದಾಖಲೆ ಒಪ್ಪಿಸಿ, ಓಡಿಸದ ಅವಧಿಯ ತ್ರೈಮಾಸಿಕ ತೆರಿಗೆ ಉಳಿಸಿಕೊಳ್ಳಲು ಅವಕಾಶವಿದೆ. ಎಷ್ಟೋ ಮಂದಿ ಹಾಗೇ ನಿಲ್ಲಿಸಿ, ತೆರಿಗೆಯ ಬಾಕಿಯನ್ನೂ ದಂಡವನ್ನೂ ತಲೆಮೇಲೆ ಎಳೆದುಕೊಳ್ಳುತ್ತಾರೆ.

ಮಾರಿಬಿಡುವುದೂ ಒಂದು ವಲಯ ಬದಲಾವಣೆಯೇ. ಕಷ್ಟವೇನೆಂದರೆ ಲೋಡು ನಿಂತ ದಿನವೇ ಅಂಥ ಗಾಡಿಗಳ ಸೆಕೆಂಡ್‌ಹ್ಯಾಂಡ್ ಬೆಲೆಯೂ ಬೀಳುತ್ತದೆ. ಅದಿರು ಟಿಪ್ಪರ್ ಕೊಳ್ಳುವವರು ಅದಿರಿನವರೇ ಆಗಿದ್ದರೆ, ಅದಿರು ಇಲ್ಲದಾಗ ಕೊಳ್ಳುವವರು ಯಾರು? ಸಾಲದ ಬಾಕಿ ಗಾಡಿಯ ಬೆಲೆಗಿಂತ ಹೆಚ್ಚಾದ ಮೇಲೆ ಮಾರಾಟದಿಂದಲೂ ಬಿಡುಗಡೆಯಿಲ್ಲ. ಕಂತು ತಪ್ಪಿ ಫೈನಾನ್ಸಿನವರು ಗಾಡಿ ಸೀಜ್ ಮಾಡಿದರೆ ಹರಾಜಿನಲ್ಲಿ ಬರುವ ಬೆಲೆ ಇನ್ನೂ ಕಡಿಮೆ, ಉಳಿದ ಬಾಕಿ ಮಾಲೀಕನ ಮತ್ತು ಜಾಮೀನು ನಿಂತವರ ಹೆಸರಿನಲ್ಲಿಯೇ ಇರುತ್ತದೆ. ಜಾಮೀನು ಹಾಕಿದವರು ಬಹುಪಾಲು ಮಾವನೋ ಅಣ್ಣನೋ ಪಕ್ಕದ ಮನೆಯವರೋ ಆಗಿರುತ್ತಾರೆ. ಇಂಥ ಹೊತ್ತಿನಲ್ಲಿ ಫೈನಾನ್ಸ್ ಆಫೀಸಿನಿಂದ ತಲೆಮರೆಸಿಕೊಳ್ಳುವುದಕ್ಕಿಂತ ಮೊದಲ ಕಂತು ತಪ್ಪುವ ಮುಂಚೆಯೇ ಹೋಗಿ ಅವಧಿ ಹೆಚ್ಚಿಸಿಕೊಳ್ಳಲು ಕೇಳುವುದು ಲೇಸು. ಮೂರು ಕಂತು ತಪ್ಪಿದ ಮೇಲೆ ಖಾತೆ ಎನ್‌ಪಿಎ (ವಸೂಲಾಗದ ಸಾಲ) ಆಗುತ್ತದೆ, ಆಮೇಲೆ ಮ್ಯಾನೇಜರ್‌ಗೂ ಕೈಯಾಡಿಸಲು ಜಾಗ ಇರುವುದಿಲ್ಲ.

ಇದೆಲ್ಲದರಿಂದ ಕಾಣುವುದು ಒಂದು ಮಾತು: ಲೋಡು ಬದಲಿಸಲು ಸರಿಯಾದ ಕಾಲ ಹಳೆಯ ಲೋಡು ಇನ್ನೂ ಅನ್ನ ಹಾಕುತ್ತಿರುವಾಗಲೇ. ಆಗ ಗಾಡಿಗೆ ಬೆಲೆ ಇರುತ್ತದೆ, ಕಂತು ಬಾಕಿ ಇರುವುದಿಲ್ಲ, ಹೊಸ ಪಾರ್ಟಿಯ ಬಾಕಿಗೆ ಕಾಯುವ ಶಕ್ತಿ ಇರುತ್ತದೆ. ಲಕ್ಷಣಗಳು ಪತ್ರಿಕೆಗಿಂತ ಮೊದಲು ರಸ್ತೆಯಲ್ಲೇ ಕಾಣುತ್ತವೆ. ಗಣಿಯ ಮುಂದಿನ ಪಾಳಿ ಒಂದು ರಾತ್ರಿಯಿಂದ ಎರಡು ರಾತ್ರಿಗೆ ಬೆಳೆಯುತ್ತದೆ. ವಾರಕ್ಕೆ ಬರುತ್ತಿದ್ದ ಬ್ಯಾಲೆನ್ಸ್ ಹಣ ತಿಂಗಳಿಗೆ ಬರುತ್ತದೆ. ಅಡ್ವಾನ್ಸ್‌ನ ಪಾಲು ಇಳಿಯುತ್ತದೆ. ಬಂಕಿನವರು ಹಳೆಯ ಬಾಕಿ ಕೇಳತೊಡಗುತ್ತಾರೆ. ಗಾಡಿ ಕೊಳ್ಳಲು ಬರುತ್ತಿದ್ದ ದಲ್ಲಾಳಿ ಈಗ ಮಾರಲು ಬಂದವರ ಫೋಟೊ ತೋರಿಸುತ್ತಾನೆ. ಎರಡು ಗಾಡಿ ಇರುವವರು ಆ ಹೊತ್ತಿಗೆ ಒಂದನ್ನಾದರೂ ಬೇರೆ ದಾರಿಗೆ ಹಚ್ಚಿರಬೇಕು. ಒಂದೇ ಗಾಡಿಯವರಿಗೆ ಅಂಥ ಅನುಕೂಲವಿಲ್ಲ. ಅವರು ಅಪರೂಪಕ್ಕಾದರೂ ಬೇರೆ ಟ್ರಾನ್ಸ್‌ಪೋರ್ಟ್ ಆಫೀಸಿನ ಲೋಡು ಹಾಕಿ, ಅಲ್ಲಿ ತಮ್ಮ ಹೆಸರು ಮತ್ತು ಗಾಡಿಯ ನಂಬರ್ ಪರಿಚಯವಾಗುವಂತೆ ನೋಡಿಕೊಳ್ಳುವುದೇ ಮಾಡಬಹುದಾದ ಕೆಲಸ. ಮುಂದಿನ ಗಾಡಿ ಕೊಳ್ಳುವಾಗ ಒಂದೇ ಸರಕಿಗೆ ಮೀಸಲಾದ ಬಾಡಿಗಿಂತ ನಾಲ್ಕು ಸರಕಿಗೆ ಒಗ್ಗುವ ಉದ್ದ ಚಾಸಿಯ ಗಾಡಿ ಕೊಂಡವರು ಒಳ್ಳೆಯ ಕಾಲದಲ್ಲಿ ಸ್ವಲ್ಪ ಕಡಿಮೆ ಗಳಿಸುತ್ತಾರೆ, ಕೆಟ್ಟ ಕಾಲದಲ್ಲಿ ಗಾಡಿ ಉಳಿಸಿಕೊಳ್ಳುತ್ತಾರೆ.

ಅದಿರು ಮತ್ತೆ ಬರುತ್ತದೆ ಎಂದು ಕಾದವರಿಗೂ ಅದು ಬಂತು, ಆದರೆ ಬೇರೆ ರೂಪದಲ್ಲಿ. ಕನಿಷ್ಠ ಉಲ್ಲಂಘನೆಯ ‘ಎ’ ವರ್ಗದ ಗಣಿಗಳಿಗೆ 2012ರ ಸೆಪ್ಟೆಂಬರ್‌ನಲ್ಲಿ ಅನುಮತಿ ಸಿಕ್ಕಿತು, 2013ರ ಏಪ್ರಿಲ್ 18ರಂದು ಸುಪ್ರೀಂ ಕೋರ್ಟಿನ ತೀರ್ಪು ಬಂತು. ವರ್ಷಕ್ಕೆ ಬಳ್ಳಾರಿಗೆ 2.5 ಕೋಟಿ ಟನ್, ಚಿತ್ರದುರ್ಗ–ತುಮಕೂರಿಗೆ 50 ಲಕ್ಷ ಟನ್ ಎಂಬ ಮಿತಿ ಬಿತ್ತು. ಆ ಮಿತಿ ಹಂತಹಂತವಾಗಿ ಏರಿ 2022ರ ಆಗಸ್ಟ್‌ನಲ್ಲಿ ಕ್ರಮವಾಗಿ 3.5 ಕೋಟಿಗೂ 1.5 ಕೋಟಿಗೂ ತಲುಪಿತು. ಅದೇ ವರ್ಷದ ಮೇ ತಿಂಗಳಲ್ಲಿ ಇ-ಹರಾಜಿನ ಕಟ್ಟು ಸಡಿಲವಾಗಿ ರಫ್ತಿಗೂ ಅವಕಾಶ ಸಿಕ್ಕಿತ್ತು. ಆದರೆ ಅದಿರು ಈಗ ಹೆಚ್ಚಾಗಿ ಹತ್ತಿರದ ಕಾರ್ಖಾನೆಗಳಿಗೇ ಹೋಗುತ್ತದೆ. ಸಂಡೂರು ಕಡೆಯಿಂದ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಸುಮಾರು 24 ಕಿಲೋಮೀಟರ್ ಉದ್ದದ ಪೈಪ್ ಕನ್ವೇಯರ್ ಹಾಕಲಾಗಿದೆ, ರೈಲಿನ ಪಾಲೂ ದೊಡ್ಡದು. ಬೇಲೇಕೇರಿಯ ದೂರದ ಓಟ ಹಳೆಯ ಪ್ರಮಾಣದಲ್ಲಿ ಮರಳಿಲ್ಲ. ಲಾರಿಗೆ ಉಳಿದದ್ದು ಗಣಿಯಿಂದ ಸ್ಟಾಕ್‌ಯಾರ್ಡಿಗೆ, ಯಾರ್ಡಿನಿಂದ ರೈಲ್ವೆ ಸೈಡಿಂಗ್‌ಗೆ ಇರುವ ಚಿಕ್ಕ ಓಟ; ಅದಕ್ಕೂ ಗಾಡಿಯಲ್ಲಿ ಜಿಪಿಎಸ್, ಗಣಿ ಇಲಾಖೆಯ ಆನ್‌ಲೈನ್ ಪರ್ಮಿಟ್, ವೇಬ್ರಿಡ್ಜಿನ ಚೀಟಿ, ಮೇಲೆ ಮುಚ್ಚುವ ತಾಡಪಾಲು ಬೇಕು.